ಪೋಸ್ಟರ್ ತುಂಬ ಸ್ಟಾರ್‌ಗಳು, ಒಳಗೆ ಕಥೆಯೇ ಇಲ್ಲ: ನಿಮಗೂ ಹೀಗೆ ಅನ್ನಿಸಿದೆಯಾ?

ಕೌಲ್‌ಬಜಾರ್ ಬಾಲ್ಕನಿ (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಚಿಕ್ಕ ಘಟಕ ನನ್ನದು. ವಾರದ ಬಟವಾಡೆ ಆದ ಮೇಲೆ ಹುಡುಗರನ್ನು ಕರೆದುಕೊಂಡು ಸೆಕೆಂಡ್ ಶೋಗೆ ಹೋಗುವುದು ರೂಢಿ. ನಮ್ಮೂರಲ್ಲಿ ಕನ್ನಡದ ಜೊತೆಗೆ ತೆಲುಗು ಸಿನಿಮಾಗಳೂ ಜೋರಾಗಿ ಓಡುತ್ತವೆ. ಹಾಗಾಗಿ ಮೋಸ ಹೋಗುವ ಅವಕಾಶವೂ ನಮಗೆ ಡಬಲ್.

ಒಬ್ಬ ಹೀರೋನ ಸಿನಿಮಾ ಚೆನ್ನಾಗಿಲ್ಲದಿದ್ದರೆ ಮಿರ್ಚಿ ತಿಂದು, ಚಹಾ ಕುಡಿದು ಮರೆತುಬಿಡುತ್ತೇನೆ. ಆದರೆ ಇಬ್ಬರು ಮೂವರು ದೊಡ್ಡವರು ಸೇರಿ ಮಾಡಿದ್ದು ಕೆಟ್ಟರೆ ಹೊಟ್ಟೆ ಉರಿಯುತ್ತದೆ. ಅಂಥವೇ ಯಾಕೆ ಜಾಸ್ತಿ ಕೈಕೊಡುತ್ತವೆ?

'ಕಬ್ಜ' ತಗೊಳ್ಳಿ. 2023ರ ಮಾರ್ಚ್ 17, ಅಪ್ಪು ಹುಟ್ಟುಹಬ್ಬದ ದಿನವೇ ಬಂತು. ಉಪೇಂದ್ರ, ಸುದೀಪ್, ಶಿವಣ್ಣ ಮೂವರೂ ಪೋಸ್ಟರ್‌ನಲ್ಲಿ. ಒಳಗೆ ಹೋದರೆ ಸುದೀಪ್ ಪೊಲೀಸ್ ಡ್ರೆಸ್ ಹಾಕಿಕೊಂಡು ನಮಗೆ ಕಥೆ ಹೇಳುತ್ತಾರೆ. ಶಿವಣ್ಣ ಕೊನೆಗೆ ಬರುತ್ತಾರೆ, ನಾವು ಶಿಳ್ಳೆ ಹೊಡೆಯುವಷ್ಟರಲ್ಲಿ ಎರಡನೇ ಭಾಗದಲ್ಲಿ ನೋಡಿ ಅಂತ ಪರದೆ ಕಪ್ಪಾಗುತ್ತದೆ. ಸಂಗೀತ ಕೆಜಿಎಫ್ ಮಾಡಿದ ರವಿ ಬಸ್ರೂರು ಅವರದ್ದೇ. ಬಣ್ಣ, ಹೊಗೆ, ಗಡ್ಡ ಎಲ್ಲವೂ ಆ ಕಡೆಯದ್ದೇ ಅನ್ನಿಸಿತು. ಪಾಪ ಉಪೇಂದ್ರ. ತಲೆ ತಿರುಗುವಂಥ ಕಥೆ ಬರೆದು ನಮ್ಮನ್ನು ಹುಚ್ಚು ಹಿಡಿಸಿದ ಮನುಷ್ಯನಿಗೆ ಇಲ್ಲಿ ಗನ್ ಹಿಡಿದು ನಡೆಯುವುದೇ ಕೆಲಸ.

ತೆಲುಗಿನ 'ಆಚಾರ್ಯ' ಇನ್ನೊಂದು. 2022ರ ಮಾರ್ಚ್ ಕೊನೆಯಲ್ಲಿ 'ಆರ್‌ಆರ್‌ಆರ್' ನೋಡಿ ನಮ್ಮ ಹುಡುಗರು ರಾಮ್ ಚರಣ್ ಗುಂಗಿನಲ್ಲೇ ಇದ್ದರು. ಒಂದು ತಿಂಗಳಿಗೆ, ಏಪ್ರಿಲ್ 29ಕ್ಕೆ, ಅದೇ ರಾಮ್ ಚರಣ್ ಅಪ್ಪ ಚಿರಂಜೀವಿ ಜೊತೆ ಬಂದರು. ಇಬ್ಬರೂ ಒಟ್ಟಿಗೆ ಕುಣಿದದ್ದು ಬಿಟ್ಟರೆ ನನಗೆ ಏನೂ ನೆನಪಿಲ್ಲ. ಆ ಸಿನಿಮಾಗೆ ಕಾಜಲ್ ಅಗರ್‌ವಾಲ್ ಕೂಡ ನಟಿಸಿದ್ದರು. ಆಮೇಲೆ ಅವರ ಪಾತ್ರವನ್ನೇ ಪೂರ್ತಿ ತೆಗೆದರು. ತೆಗೆದದ್ದು ಗೊತ್ತೇ ಆಗಲಿಲ್ಲ ಅಂದರೆ, ಹಾಕಿದ್ದು ಯಾಕೆ?

ಈಗ ನನ್ನ ಲೆಕ್ಕ ಇಷ್ಟು: ಈ ನಟನನ್ನು ತೆಗೆದರೂ ಕಥೆ ನಡೆಯುತ್ತದಾ? ನಡೆಯುವುದಾದರೆ ಅವನು ಪೋಸ್ಟರ್‌ಗೆ ಬಂದವನು, ಸಿನಿಮಾಗಲ್ಲ. 'ಆರ್‌ಆರ್‌ಆರ್‌'ನಲ್ಲಿ ರಾಮ್ ಚರಣ್, ಜೂನಿಯರ್ ಎನ್‌ಟಿಆರ್ ಇಬ್ಬರಲ್ಲಿ ಒಬ್ಬರನ್ನು ತೆಗೆಯಿರಿ ನೋಡೋಣ. ಆಗುವುದೇ ಇಲ್ಲ. ನಿಮಗೇನು ಅನ್ನಿಸುತ್ತದೆ?

ಸಿಂಧನೂರು ಸೆಕೆಂಡ್ ಶೋ:

ಅಣ್ಣಾ, ನಿಮ್ಮ ಲೆಕ್ಕ ಸರಿ ಇದೆ. ಆದರೆ ತಪ್ಪು ಪೂರ್ತಿ ಸಿನಿಮಾದವರದ್ದಲ್ಲ, ಅರ್ಧ ನಮ್ಮದೂ ಇದೆ. 'ದಿ ವಿಲನ್' ನೆನಪಿದೆ ಅಲ್ವಾ? 2018ರ ದಸರಾ. ಶಿವಣ್ಣ, ಸುದೀಪ್ ಇಬ್ಬರೂ ಸರಿಸಮ. ಬಿಡುಗಡೆಯಾದ ಮೇಲೆ ಜನ ಕಥೆ ಬಗ್ಗೆ ಮಾತಾಡಿದರಾ? ಶಿವಣ್ಣನಿಗೆ ಸುದೀಪ್ ಹೊಡೆಯುವ ದೃಶ್ಯ ಯಾಕಿದೆ ಅಂತ ಅಭಿಮಾನಿಗಳ ಗಲಾಟೆ ಎದ್ದಿತು. ಇಂಥ ಜನರನ್ನು ಎದುರಿಗೆ ಇಟ್ಟುಕೊಂಡು ನಿರ್ದೇಶಕ ಪ್ರೇಮ್ ಆಗಲಿ, ಯಾರೇ ಆಗಲಿ, ಕಥೆ ಬರೆಯುವುದು ಹೇಗೆ? ಇವನಿಗೊಂದು ಫೈಟು, ಅವನಿಗೊಂದು ಫೈಟು. ಇವನಿಗೊಂದು ಡೈಲಾಗ್, ಅವನಿಗೊಂದು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ. ಬದುವಿಗೇ ಅರ್ಧ ಜಮೀನು ಹೋಗುತ್ತದೆ.

ಹಾಡುಗಳು ಮಾತ್ರ ನಮ್ಮೂರ ಟ್ರ್ಯಾಕ್ಟರ್‌ಗಳಲ್ಲಿ ಚೆನ್ನಾಗಿ ಓಡಿದವು.

ಹಳೇ ಗೇಟ್‌ಕೀಪರ್ (ಗಂಗಾವತಿ):

ನಾನು ಬಹಳ ವರ್ಷ ಒಂದು ಟಾಕೀಸ್‌ನಲ್ಲಿ ಕೆಲಸ ಮಾಡಿದವನು. ಮೊದಲು ಗೇಟ್, ಆಮೇಲೆ ಬುಕಿಂಗ್. ಹೊರಗೆ ನಿಂತವನಿಗೆ ಕಾಣುವುದೇ ಬೇರೆ.

ಸಿನಿಮಾ ಮೊದಲು ಮಾರಾಟವಾಗುವುದು ನಿಮಗಲ್ಲ. ಹಂಚಿಕೆದಾರನಿಗೆ, ಟಿವಿಯವರಿಗೆ, ಒಟಿಟಿಯವರಿಗೆ, ಹಿಂದಿ ಡಬ್ಬಿಂಗ್ ಕೊಳ್ಳುವವರಿಗೆ. ಎಂಜಿ ಅಂತ ಕೇಳಿರಬಹುದು, ಮಿನಿಮಮ್ ಗ್ಯಾರಂಟಿ. ಸಿನಿಮಾ ಓಡಲಿ ಬಿಡಲಿ, ಹಂಚಿಕೆದಾರ ಇಷ್ಟು ಅಂತ ಮೊದಲೇ ಕೊಟ್ಟುಬಿಡಬೇಕು. ಎಷ್ಟೋ ಸಲ ಆ ಮಾತುಕತೆ ಆಗುವಾಗ ಸಿನಿಮಾ ಇನ್ನೂ ಪೂರ್ತಿ ಆಗಿರುವುದೇ ಇಲ್ಲ. ಹಾಗಾದರೆ ಏನು ನೋಡಿ ದುಡ್ಡು ಹಾಕುತ್ತಾನೆ? ಹೆಸರು ನೋಡಿ. ಒಂದು ಹೆಸರು ಜಾಸ್ತಿ ಇದ್ದರೆ ಆ ಹೆಸರಿಗೂ ಒಂದು ರೇಟು. ನಿಮ್ಮ ಕಣ್ಣಿಗೆ ಕೊನೆಯಲ್ಲಿ ಸ್ವಲ್ಪ ಹೊತ್ತು ಬಂದುಹೋದ ನಟ, ವ್ಯಾಪಾರದ ಲೆಕ್ಕದಲ್ಲಿ ತನ್ನ ಕೆಲಸ ಮುಗಿಸಿರುತ್ತಾನೆ.

ಸೋಮವಾರ ಮ್ಯಾಟಿನಿಗೆ ಬಂದವರ ಮುಖ ನೋಡಿದರೆ ಸಾಕು, ಸಿನಿಮಾ ಏನು ಅಂತ ತಿಳಿಯುತ್ತಿತ್ತು. ಶುಕ್ರವಾರದ ಜನ ಹೆಸರಿಗೆ ಬರುತ್ತಾರೆ. ಸೋಮವಾರದವರು ಯಾರೋ ಚೆನ್ನಾಗಿದೆ ಅಂದರು ಅಂತ ಬರುತ್ತಾರೆ. ಮೂರು ಸ್ಟಾರ್ ಇರುವ ಸಿನಿಮಾಗೆ ಸೋಮವಾರ ಬಾಲ್ಕನಿಯಲ್ಲಿ ಪಾರಿವಾಳ ಕೂತಿದ್ದನ್ನೂ ನೋಡಿದ್ದೇನೆ.

ಒಂದು ಮಾತು ಮಾತ್ರ ಒಪ್ಪುವುದಿಲ್ಲ. ಸ್ವಲ್ಪ ಹೊತ್ತು ಬಂದರೆ ಮೋಸ ಅಂತಲ್ಲ. 'ಜೈಲರ್‌'ನಲ್ಲಿ ಶಿವಣ್ಣ ಎಷ್ಟು ಹೊತ್ತು ಇದ್ದರು? ಆ ಟಿಶ್ಯೂ ಡಬ್ಬಿಯ ದೃಶ್ಯಕ್ಕೆ ಜನ ಸೀಟಿನಲ್ಲಿ ಕೂರಲಿಲ್ಲ. ರಜನಿ ಪಾತ್ರ ಕಷ್ಟಕ್ಕೆ ಸಿಕ್ಕಾಗ ಹಳೇ ಗೆಳೆಯ ಬಂದ. ಅಷ್ಟು ಕಾರಣ ಸಾಕು.

ದೊಡ್ಡಾಟ ಪ್ರಿಯ (ಕುರುಗೋಡು):

ಇಂಥ ಸಿನಿಮಾಗಳಲ್ಲಿ ಹೀರೋ ಎಂಟ್ರಿಗೆ ಬಿಲ್ಡಪ್ ಜಾಸ್ತಿ ಅಂತ ಜನ ಬೈಯುತ್ತಾರೆ. ನಮ್ಮ ಕಡೆಯ ಬಯಲಾಟ, ಅಂದರೆ ದೊಡ್ಡಾಟದಲ್ಲಿ ದುರ್ಯೋಧನ ರಂಗಕ್ಕೆ ಬರುವುದಕ್ಕೇ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿದ್ದೀರಾ? ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಯಾಕೆಂದರೆ ಆಟ ನಡೆಸಿಕೊಡುವ ಸಾರಥಿ ಎದುರು ನಿಂತು ಕೇಳುತ್ತಾನೆ: ನೀವು ಯಾರು, ಎಲ್ಲಿಯ ದೊರೆ, ಇಲ್ಲಿಗೆ ಯಾಕೆ ಬಂದಿರಿ. ಪಾತ್ರ ಉತ್ತರ ಕೊಡಬೇಕು. ಎಂಟ್ರಿ ಮುಗಿಯುವಷ್ಟರಲ್ಲಿ ಅವನ ಕುಲ, ಸಿಟ್ಟು, ಸೊಕ್ಕು ಎಲ್ಲ ನಮಗೆ ಗೊತ್ತಾಗಿರುತ್ತದೆ. ಸಿನಿಮಾದ ಎಂಟ್ರಿಯಲ್ಲಿ ಶೂ ತೋರಿಸುತ್ತಾರೆ, ಬೆನ್ನು ತೋರಿಸುತ್ತಾರೆ, ಕಾರು ಹಾರುತ್ತದೆ. ಮನುಷ್ಯ ಯಾರು ಅಂತ ಮಾತ್ರ ತಿಳಿಯುವುದಿಲ್ಲ.

ಅದಕ್ಕೇ ನನಗೆ 2019ರ 'ಕುರುಕ್ಷೇತ್ರ' ಹಿಡಿಸಿತು. ಅಂಬರೀಷ್ ಭೀಷ್ಮ, ರವಿಚಂದ್ರನ್ ಕೃಷ್ಣ, ಅರ್ಜುನ್ ಸರ್ಜಾ ಕರ್ಣ, ದರ್ಶನ್ ದುರ್ಯೋಧನ. ಯಾರ ಜಾಗ ಎಲ್ಲಿ ಅಂತ ವ್ಯಾಸರೇ ಬರೆದಿಟ್ಟಿದ್ದಾರೆ, ಜಗಳವೇ ಇಲ್ಲ.

ಕೌಲ್‌ಬಜಾರ್ ಬಾಲ್ಕನಿ:

ಕುರುಗೋಡಿನವರೇ, ಸಾರಥಿ ಮಾತು ಭೇಷ್. ಎಂಟ್ರಿ ಆದ ತಕ್ಷಣ ಹೀರೋಗೆ ಈ ಮೂರು ಪ್ರಶ್ನೆ ಕೇಳಬೇಕು ಅಂತ ಕಾನೂನು ಮಾಡಿದರೆ ಅರ್ಧ ಸಿನಿಮಾ ಅಲ್ಲೇ ನಿಲ್ಲುತ್ತವೆ.

'ಕುರುಕ್ಷೇತ್ರ' ವಿಷಯಕ್ಕೆ ಮಾತ್ರ ನಾನು ಬಗ್ಗುವುದಿಲ್ಲ. ರನ್ನನ ಗದಾಯುದ್ಧದ ಮೇಲೆ ನಿಂತ ಕಥೆ ಅಂದರು. ಹಾಗಿದ್ದರೆ ಸೋತು, ಒಬ್ಬನೇ ಉಳಿದ ದುರ್ಯೋಧನನ ಜೊತೆ ಇನ್ನಷ್ಟು ಹೊತ್ತು ಇರಬೇಕಿತ್ತು. ಅಭಿಮನ್ಯುವಿನ ಪ್ರೇಮದ ಹಾಡಿಗೆ ಟೈಮ್ ಸಿಕ್ಕಿತು, ಅದಕ್ಕೆ ಸಿಗಲಿಲ್ಲ. ಅಂಬರೀಷ್ ಅವರನ್ನು ನೋಡುವಾಗ ಗಂಟಲು ಕಟ್ಟಿದ್ದು ನಿಜ. 2018ರ ನವೆಂಬರ್‌ನಲ್ಲೇ ಹೋಗಿಬಿಟ್ಟಿದ್ದರು, ಸಿನಿಮಾ ಬಂದದ್ದು ಮುಂದಿನ ಆಗಸ್ಟ್‌ಗೆ. ಆದರೆ ಅದು ಅಂಬರೀಷ್ ಮೇಲಿನ ಪ್ರೀತಿ. ಸಿನಿಮಾಗೆ ಯಾಕೆ ಮಾರ್ಕ್ಸ್ ಕೊಡಲಿ?

ಗಂಗಾವತಿ ಅಣ್ಣಾ, ನಿಮ್ಮ ಸೋಮವಾರದ ಮಾತು ಕೇಳಿ ನಮ್ಮ ಹುಡುಗರಿಗೆ ಹೇಳಿದೆ, ಇನ್ನು ಮೇಲೆ ಸೋಮವಾರವೇ ಹೋಗೋಣ ಅಂತ. ಕಟಿಂಗ್ ಮಾಡುವ ಹುಡುಗ ಕತ್ತರಿ ಕೆಳಗಿಟ್ಟು ಕೇಳಿದ: "ಸೋಮವಾರ ಯಾರು ಶಿಳ್ಳೆ ಹೊಡೀತಾರೆ ಅಣ್ಣಾ?"

ಹಳೇ ಗೇಟ್‌ಕೀಪರ್ (ಗಂಗಾವತಿ):

ಅವನನ್ನು ಶುಕ್ರವಾರ ಕಳಿಸಿ. ನೀವು ಸೋಮವಾರ ಹೋಗಿ.