ರಾಜಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ದನಿಯೋ, ಅವರದೇ ದನಿಯೋ: ನೀವು ಹೇಗೆ ಕೇಳುತ್ತೀರಿ?

ಪ್ರಶ್ನೆ: ಮಂದ್ರಪ್ರಿಯ

ಎಲ್ಲರಿಗೂ ನಮಸ್ಕಾರ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಡಾ. ರಾಜಕುಮಾರ್ ತಮ್ಮ ಚಿತ್ರಗಳ ಹಾಡುಗಳನ್ನು ತಾವೇ ಹಾಡುತ್ತಿದ್ದರು. 1992ರ ‘ಜೀವನ ಚೈತ್ರ’ದಲ್ಲಿ ಉಪೇಂದ್ರ ಕುಮಾರ್ ಸಂಯೋಜಿಸಿದ ‘ನಾದಮಯ’ ಗೀತೆಯನ್ನು ಹಾಡಿದ್ದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ಬೀದಿಯಲ್ಲೆಲ್ಲ ಅದೇ ಮಾತಾಗಿತ್ತು. ಹಾಗಾಗಿ ನನ್ನ ಕಿವಿಗೆ ರಾಜಕುಮಾರ್ ಎಂದರೆ ಆ ದನಿಯೇ. ನಮ್ಮ ತಂದೆಯವರ ಅನುಭವ ಬೇರೆ. ‘ಕಸ್ತೂರಿ ನಿವಾಸ’ (1971) ಮತ್ತು ‘ಬಂಗಾರದ ಮನುಷ್ಯ’ (1972) ಚಿತ್ರಗಳನ್ನು ಟಾಕೀಸಿನಲ್ಲಿ ಮತ್ತೆ ಮತ್ತೆ ನೋಡಿದ ಅವರ ಮನಸ್ಸಿನಲ್ಲಿ ರಾಜಕುಮಾರ್ ಅವರ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ಅವರ ಕಂಠವೇ ಅಂಟಿಕೊಂಡಿದೆ. ನಂತರದ ಹಾಡುಗಳನ್ನು ಅವರು ಗೌರವದಿಂದ ಕೇಳುತ್ತಾರೆ, ಆದರೆ ಗುನುಗುವುದಿಲ್ಲ.

1974ರ ‘ಸಂಪತ್ತಿಗೆ ಸವಾಲ್’ ಚಿತ್ರದೊಂದಿಗೆ, ಶ್ರೀನಿವಾಸ್ ಅವರ ಬದಲು ರಾಜಕುಮಾರ್ ಅವರೇ ಹಾಡತೊಡಗಿದ ಈ ಬದಲಾವಣೆ ಆಯಿತೆಂದು ಎಲ್ಲೆಡೆ ಓದಿದ್ದೇನೆ. ಅಂದಿನ ಕೇಳುಗರಿಗೆ ಅದು ನಿಜಕ್ಕೂ ಒಂದೇ ಏಟಿಗೆ ಆದ ಬದಲಾವಣೆಯಾಗಿತ್ತೆ? ಹಾಡುವಿಕೆಯ ದೃಷ್ಟಿಯಿಂದ ಈ ಎರಡು ದನಿಗಳ ನಡುವೆ ಇರುವ ವ್ಯತ್ಯಾಸವಾದರೂ ಏನು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೆಯ ರೇಡಿಯೊ

1974ರ ಹಿಂದಿನದು ಒಬ್ಬರ ಕಾಲ, ಮುಂದಿನದು ಇನ್ನೊಬ್ಬರ ಕಾಲ ಎಂಬ ವಿಂಗಡಣೆ ನೆನಪಿಡಲು ಸುಲಭವೇ ಹೊರತು, ಹಾಡುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ನಿಲ್ಲುವುದಿಲ್ಲ. ‘ಬೇಡರ ಕಣ್ಣಪ್ಪ’ (1954) ಚಿತ್ರದ ‘ಶಿವಪ್ಪ ಕಾಯೋ ತಂದೆ’ ಹಾಡಿಗೆ ದನಿಯಾದವರು ಸಿ.ಎಸ್. ಜಯರಾಮನ್. ಎರಡೇ ವರ್ಷಗಳ ನಂತರ ‘ಓಹಿಲೇಶ್ವರ’ ಚಿತ್ರದಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜಕುಮಾರ್ ಅವರಿಂದಲೇ ಹಾಡಿಸಿದರು. ಮುಂದೆ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ ಹಾಡಿಸಿದವರೂ ಅದೇ ವೆಂಕಟೇಶ್ ಎಂಬುದನ್ನು ಮರೆಯಬಾರದು. ರಾಜಕುಮಾರ್ ಹಾಡಬಲ್ಲರು ಎಂದು ಅವರಿಗೆ ಹದಿನೆಂಟು ವರ್ಷ ಮೊದಲೇ ಗೊತ್ತಿತ್ತು.

ಪಿ.ಬಿ. ಶ್ರೀನಿವಾಸ್ ಅವರ ದನಿ ರಾಜಕುಮಾರ್ ಅವರ ದನಿಯೆಂದು ಜನಮನದಲ್ಲಿ ನೆಲೆಗೊಂಡದ್ದು 1960ರ ‘ಭಕ್ತ ಕನಕದಾಸ’ದಿಂದ. ಅದರಲ್ಲಿನ ‘ಬಾಗಿಲನು ತೆರೆದು’ ಕೀರ್ತನೆಯನ್ನು ಅವರು ಹಾಡಿದ ಬಗೆಯಲ್ಲಿ ಕಛೇರಿಯ ಪಾಂಡಿತ್ಯದ ಪ್ರದರ್ಶನ ಎಳ್ಳಷ್ಟೂ ಇಲ್ಲ; ಮುಚ್ಚಿದ ಬಾಗಿಲ ಮುಂದೆ ನಿಂತವನ ಅಂಗಲಾಚಿಕೆ ಮಾತ್ರ ಇದೆ. ಕಾಕಿನಾಡದಲ್ಲಿ ಹುಟ್ಟಿದ, ತೆಲುಗು ಮನೆಮಾತಿನ ಒಬ್ಬ ಗಾಯಕರು ಕನಕದಾಸರ ಕನ್ನಡವನ್ನು ಹಾಗೆ ತಮ್ಮದಾಗಿಸಿಕೊಂಡದ್ದು ನನಗೆ ಇಂದಿಗೂ ವಿಸ್ಮಯದ ಸಂಗತಿ. ಆದರೂ ಆ ವರ್ಷಗಳಲ್ಲಿ ಅವರೊಬ್ಬರೇ ಹಾಡುತ್ತಿದ್ದರು ಎನ್ನುವಂತಿಲ್ಲ: 1965ರ ‘ಸತ್ಯ ಹರಿಶ್ಚಂದ್ರ’ದ ‘ಕುಲದಲ್ಲಿ ಕೀಳ್ಯಾವುದೋ’ ಹಾಡನ್ನು ಹಾಡಿದವರು ಘಂಟಸಾಲ.

1974ರ ನಂತರವೂ ಶ್ರೀನಿವಾಸ್ ಒಮ್ಮೆಲೇ ಮರೆಯಾಗಲಿಲ್ಲ. ‘ಮಯೂರ’ (1975) ಚಿತ್ರವನ್ನು ಗಮನವಿಟ್ಟು ಕೇಳಿರಿ. ‘ನಾನಿರುವುದೆ ನಿಮಗಾಗಿ’ ಎಂದು ಪ್ರಜೆಗಳಿಗೆ ಅಭಯ ನೀಡುವಾಗ ಶ್ರೀನಿವಾಸ್ ಅವರ ದನಿಯಿದೆ, ಎಸ್. ಜಾನಕಿ ಅವರೊಂದಿಗಿನ ಯುಗಳಗೀತೆಯಲ್ಲಿ ರಾಜಕುಮಾರ್ ಅವರದೇ ದನಿಯಿದೆ. ಒಂದೇ ಚಿತ್ರದಲ್ಲಿ ಒಬ್ಬನೇ ನಾಯಕನಿಗೆ ಎರಡು ಕಂಠಗಳಿದ್ದರೂ ಟಾಕೀಸಿನಲ್ಲಿ ಕುಳಿತ ನಮಗೆ ಅದು ಒಡಕೆನಿಸಲಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ: ನಮ್ಮ ಕಿವಿ ಕೆಲವು ವರ್ಷಗಳಲ್ಲಿ ನಿಧಾನವಾಗಿ ಒಂದು ದನಿಯಿಂದ ಇನ್ನೊಂದಕ್ಕೆ ಹೊರಳಿತು.

ಉತ್ತರ: ವಾದ್ಯಗೋಷ್ಠಿ ಗಾಯಕ

ಗಣೇಶೋತ್ಸವ ಹಾಗೂ ರಾಜ್ಯೋತ್ಸವದ ವೇದಿಕೆಗಳಲ್ಲಿ ಬಹಳ ಕಾಲದಿಂದ ಈ ಇಬ್ಬರ ಹಾಡುಗಳನ್ನೂ ಹಾಡಿಕೊಂಡು ಬಂದವನಾಗಿ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ.

ಶ್ರೀನಿವಾಸ್ ಅವರ ಹಾಡು ಕೇಳಲು ಸುಲಭ, ಹಾಡಲು ಬಹಳ ಕಷ್ಟ. ಅವರ ಬಲವೆಲ್ಲ ಮಂದ್ರದಲ್ಲಿದೆ, ಅಂದರೆ ಕೆಳಗಿನ ಸ್ಥಾಯಿಯ ಸ್ವರಗಳಲ್ಲಿದೆ. ಮೈಕಿನ ಹತ್ತಿರ ನಿಂತು, ಉಸಿರನ್ನು ಎಲ್ಲಿಯೂ ದೂಡದೆ, ಸಾಲಿನ ಕೊನೆಯ ಸ್ವರವನ್ನು ಮೆಲ್ಲಗೆ ಇಳಿಸಿ ಬಿಡುತ್ತಾರೆ. ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡಿನಲ್ಲಿ ನಾವು ಸ್ವಲ್ಪ ಒತ್ತಿ ಹಾಡಿದರೂ ಅದು ಭಾಷಣದಂತಾಗುತ್ತದೆ. ಹಗುರಾಗಿ ಹಾಡಿದರೆ ಲಾಲಿಯಾಗುತ್ತದೆ. ಇವೆರಡರ ನಡುವಿನ ಆ ಕಿರಿದಾದ ಜಾಗದಲ್ಲಿ ಅವರು ಅಷ್ಟು ಆರಾಮವಾಗಿ ನಿಂತಿದ್ದಾರೆ. ಬಯಲಿನ ವೇದಿಕೆಯಲ್ಲಿ ತಬಲಾ, ಕೀಬೋರ್ಡುಗಳ ಸದ್ದಿನ ನಡುವೆ ಆ ಮಂದ್ರವನ್ನು ಕೇಳಿಸುವುದೇ ದೊಡ್ಡ ಸಾಹಸ, ಹೀಗಾಗಿ ಅನೇಕ ತಂಡಗಳು ಶ್ರುತಿಯನ್ನು ಏರಿಸಿಬಿಡುತ್ತವೆ. ಏರಿಸಿದೊಡನೆ ಹಾಡಿನ ಗಾಂಭೀರ್ಯ ಹೊರಟುಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ರಾಜಕುಮಾರ್ ಅವರ ದನಿ ಪಳಗಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಸ್ಪಷ್ಟವಾಗಿ ತಲುಪಬೇಕೆಂಬ ಶಿಸ್ತು ಅವರ ಹಾಡಿನಲ್ಲಿ ಉದ್ದಕ್ಕೂ ಇದೆ. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ ಯಾವುದನ್ನೂ ಅವರು ರಾಗಕ್ಕಾಗಿ ಮಸುಕು ಮಾಡುವುದಿಲ್ಲ. ಏರುದನಿಗೆ ಹೋದಾಗ ಕಂಠ ತೆಳುವಾಗುವುದಿಲ್ಲ, ಇನ್ನಷ್ಟು ತುಂಬಿಕೊಳ್ಳುತ್ತದೆ. ಚಿ. ಉದಯಶಂಕರ್ ಅವರ ಸಾಹಿತ್ಯವನ್ನು ಓದು ಬಾರದವರೂ ಪೂರ್ತಿ ಕಂಠಪಾಠ ಮಾಡಿಕೊಂಡದ್ದರಲ್ಲಿ ಈ ಉಚ್ಚಾರಣೆಯ ಪಾಲು ದೊಡ್ಡದು. ಜೊತೆಗೆ, ಮೊದಲು ಧ್ವನಿಮುದ್ರಿಸಿದ ಹಾಡಿಗೆ ಆಮೇಲೆ ತುಟಿ ಸೇರಿಸಿ ನಟಿಸುವ ಪದ್ಧತಿಯಲ್ಲಿ, ತಾನೇ ಹಾಡಿದ ನಟನಿಗೆ ಎಲ್ಲಿ ಉಸಿರು ತೆಗೆದುಕೊಂಡೆ, ಎಲ್ಲಿ ನಕ್ಕೆ ಎಂಬುದೆಲ್ಲ ಮೈಗೆ ಗೊತ್ತಿರುತ್ತದೆ. ಅದು ತೆರೆಯ ಮೇಲೆ ಕಾಣುತ್ತದೆ.

ನನಗೆ ಯಾರು ಹೆಚ್ಚು ಪ್ರಿಯರು ಎಂದು ಕೇಳಿದರೆ, ಶ್ರೀನಿವಾಸ್ ಎಂದೇ ಹೇಳುವೆ. ಇನ್ನೊಬ್ಬರ ಮುಖಕ್ಕಾಗಿ ತಮ್ಮ ದನಿಯನ್ನು ಅಷ್ಟು ತಗ್ಗಿಸಿಕೊಂಡು ಹಾಡುವ ವಿನಯ ನಾನು ಕೇಳಿದ ಗಾಯಕರಲ್ಲಿ ಬಹಳ ಅಪರೂಪ.

ಉತ್ತರ: ಹುಬ್ಬಳ್ಳಿಯವಳು

ಮೇಲಿನವರ ಕೊನೆಯ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ನಮ್ಮ ಕಡೆಯ ಜನ ‘ಯಾರೇ ಕೂಗಾಡಲಿ’ ಹಾಡನ್ನು ಕೇಳಿದ ರೀತಿ ಬೇರೆಯದೇ ಇತ್ತು. ‘ಸಂಪತ್ತಿಗೆ ಸವಾಲ್’ ಮೂಲತಃ ಪಿ.ಬಿ. ಧುತ್ತರಗಿ ಅವರ ನಾಟಕ. ಸಿನಿಮಾ ಬರುವುದಕ್ಕಿಂತ ಮುಂಚೆಯೇ ನಮ್ಮ ಹಿರಿಯರಿಗೆ ಅದು ಪರಿಚಿತವಾಗಿತ್ತು. ಎಮ್ಮೆಯ ಮೇಲೆ ಕುಳಿತು, ಊರವರ ಮಾತಿಗೆ ಸೊಪ್ಪು ಹಾಕದೆ ಹಾಡುವ ಆ ಪಾತ್ರಕ್ಕೆ ಶ್ರೀನಿವಾಸ್ ಅವರ ಮೃದುವಾದ ಮಂದ್ರ ಹೊಂದುತ್ತಿತ್ತೆ ಎಂದು ಯೋಚಿಸಿ ನೋಡಿ. ಆ ಹಾಡಿಗೆ ಬೇಕಾದದ್ದು ರಂಗದ ಮೇಲಿನ ಬಿಚ್ಚುದನಿ. ನನ್ನ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ಹೊಲದಿಂದ ಬರುವಾಗ ಈ ಹಾಡಿನ ಒಂದು ಶಬ್ದವೂ ತಪ್ಪದಂತೆ ಹಾಡುತ್ತಿದ್ದರು. ಮನೆಯಲ್ಲಿ ಕಷ್ಟ ಹೆಚ್ಚಾದ ದಿನಗಳಲ್ಲಿ ಅವರು ಇನ್ನೂ ಗಟ್ಟಿಯಾಗಿ ಹಾಡುತ್ತಿದ್ದುದನ್ನು ನಾವು ಮಕ್ಕಳೆಲ್ಲ ಗಮನಿಸಿದ್ದೆವು. ಅವರು ಎಂದೂ ತಮ್ಮ ಹಾಡೆಂದು ಕರೆದದ್ದು ಅದೊಂದನ್ನೇ.

ಪಾತ್ರಕ್ಕೆ ಯಾವ ದನಿ ಒಪ್ಪುತ್ತದೆ ಎಂಬುದೇ ಅಳತೆಯಾಗಬೇಕು. ‘ಬಂಗಾರದ ಮನುಷ್ಯ’ದ ರಾಜೀವಪ್ಪನಿಗೆ ಶ್ರೀನಿವಾಸ್ ಅವರ ಸಂಯಮವೇ ಸರಿ, ಅದರಲ್ಲಿ ನನಗೆ ಸಂದೇಹವಿಲ್ಲ.

ಮರು ಉತ್ತರ: ಮಂದ್ರಪ್ರಿಯ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ‘ಮಯೂರ’ದ ಎರಡೂ ಹಾಡುಗಳನ್ನು ತಂದೆಯವರಿಗೆ ಕೇಳಿಸಿದೆ. ಅವರು ಪೂರ್ತಿ ಕೇಳಿ, ತಾವೇ ಮುಂದುವರಿದು 1977ರ ‘ಬಭ್ರುವಾಹನ’ದ ‘ಯಾರು ತಿಳಿಯರು ನಿನ್ನ’ ಹಾಡನ್ನು ಹಾಕಲು ಹೇಳಿದರು. ತಂದೆ ಅರ್ಜುನ ಮತ್ತು ಮಗ ಬಭ್ರುವಾಹನ ಎರಡೂ ಪಾತ್ರಗಳಲ್ಲಿ ರಾಜಕುಮಾರ್ ಇರುವ ಆ ವಾಗ್ಯುದ್ಧಕ್ಕೆ ಟಿ.ಜಿ. ಲಿಂಗಪ್ಪ ಅವರು ರಾಜಕುಮಾರ್ ಹಾಗೂ ಶ್ರೀನಿವಾಸ್ ಇಬ್ಬರನ್ನೂ ಎದುರುಬದುರಾಗಿ ನಿಲ್ಲಿಸಿದ್ದಾರೆ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ನಟನ ಕಂಠಗಳಾಗಿ ಜನ ಕೇಳಿದ ಎರಡು ದನಿಗಳು ಅಲ್ಲಿ ಒಂದಕ್ಕೊಂದು ಸವಾಲು ಹಾಕುತ್ತವೆ. ಈ ಹಾಡಿನ ಧ್ವನಿಮುದ್ರಣ ನಡೆದ ಬಗೆಯ ಕುರಿತು ಹಿರಿಯ ವಾದ್ಯಗಾರರಿಂದ ಯಾರಾದರೂ ನೇರವಾಗಿ ಕೇಳಿದ್ದರೆ ಇಲ್ಲಿ ಬರೆಯಬೇಕೆಂದು ತಂದೆಯವರ ಪರವಾಗಿಯೂ ವಿನಂತಿಸುತ್ತೇನೆ.