ಅಪ್‌ಡೇಟ್: ಆರ್‌ಎಸ್‌ಐ ನೋಡಿ ಮಾರುವುದನ್ನು ಬಿಟ್ಟ ಮೇಲೆ

ಐದು ನಿಮಿಷದ ಚಾರ್ಟ್‌ನಲ್ಲಿ ಆರ್‌ಎಸ್‌ಐ (ಬೆಲೆಯ ಏರಿಳಿತದ ವೇಗವನ್ನು 0ಯಿಂದ 100ರ ಅಳತೆಯಲ್ಲಿ ತೋರಿಸುವ ಸೂಚಕ; 70 ದಾಟಿದರೆ ಬೆಲೆ ಅತಿಯಾಗಿ ಏರಿದೆ ಎಂದು ಓದುವುದು ವಾಡಿಕೆ) 70 ದಾಟಿದ ಕೂಡಲೇ, ಇನ್ನು ಬೆಲೆ ಇಳಿಯುತ್ತದೆಂದು ನಿಫ್ಟಿ ಫ್ಯೂಚರ್ಸ್ (ನಿಫ್ಟಿ ಸೂಚ್ಯಂಕದ ಮುಂಗಡ ಒಪ್ಪಂದ) ಮಾರಿ, ಮತ್ತೆ ಮತ್ತೆ ಸ್ಟಾಪ್‌ಲಾಸ್‌ಗೆ (ನಷ್ಟ ಮಿತಿ ಮೀರದಂತೆ ಮೊದಲೇ ಗೊತ್ತುಮಾಡಿದ ನಿರ್ಗಮನದ ಬೆಲೆಗೆ) ಸಿಲುಕುತ್ತಿರುವುದೇಕೆ ಎಂದು ನಾನು ಹಿಂದೆ ಕೇಳಿದ್ದೆ. ಬಲವಾದ ಏರಿಕೆಯ ದಿನ ಆರ್‌ಎಸ್‌ಐ ಬಹಳ ಹೊತ್ತು 70ರ ಮೇಲೆಯೇ ಉಳಿಯಬಲ್ಲದು, ಅದು ಬೆಲೆಯ ವೇಗದ ಅಳತೆಯೇ ಹೊರತು ತಿರುವಿನ ಖಾತರಿಯಲ್ಲ ಎಂದು ಅನುಭವಿಗಳೊಬ್ಬರು ತಿಳಿಸಿದ್ದರು. ಅವರ ಸಲಹೆಯಂತೆ ಎಂಎಸಿಡಿ, ಸ್ಟೊಕಾಸ್ಟಿಕ್ ಎಂಬ ಇನ್ನೆರಡು ಸೂಚಕಗಳನ್ನು ತೆಗೆದುಹಾಕಿ (ಎಲ್ಲವೂ ಅದೇ ಬೆಲೆಯಿಂದ ಹುಟ್ಟುವುದರಿಂದ, ಒಬ್ಬನೇ ಸಾಕ್ಷಿಯನ್ನು ಮೂರು ಬಾರಿ ಕರೆಸಿದಂತಾಗುತ್ತಿತ್ತು), ಆರ್‌ಎಸ್‌ಐ ಜೊತೆಗೆ ವಿವ್ಯಾಪ್ ಗೆರೆ (ವಹಿವಾಟಿನ ಪ್ರಮಾಣವನ್ನೂ ಲೆಕ್ಕಕ್ಕೆ ಹಿಡಿದ ಆ ದಿನದ ಸರಾಸರಿ ಬೆಲೆ) ಹಾಗೂ ಹಿಂದಿನ ದಿನದ ಗರಿಷ್ಠ, ಕನಿಷ್ಠ ಮಟ್ಟಗಳನ್ನಷ್ಟೇ ಉಳಿಸಿಕೊಂಡೆ.

ಕಳೆದ ವಾರ ಒಂದು ದಿನ, 9.15ಕ್ಕೆ ಮಾರುಕಟ್ಟೆ ತೆರೆದ ಸ್ವಲ್ಪ ಹೊತ್ತಿಗೆ ಬೆಲೆ ಹಿಂದಿನ ದಿನದ ಗರಿಷ್ಠವನ್ನು ದಾಟಿತು, ಆರ್‌ಎಸ್‌ಐ 74ರಲ್ಲಿತ್ತು. ಮೊದಲಾಗಿದ್ದರೆ ಅಲ್ಲೇ ಮಾರಿಬಿಡುತ್ತಿದ್ದೆ. ಈ ಬಾರಿ ಕಾದು, ಉದ್ದನೆಯ ಮೇಲ್ಬಾಲದ ಕ್ಯಾಂಡಲೊಂದು (ಐದು ನಿಮಿಷದ ಬೆಲೆಯನ್ನು ತೋರಿಸುವ ಪಟ್ಟಿ; ಮೇಲೇರಿದ ಬೆಲೆ ಕೆಳಗೆ ಮರಳಿದ್ದನ್ನು ಮೇಲ್ಬಾಲ ಸೂಚಿಸುತ್ತದೆ) ಆ ಮಟ್ಟದ ಕೆಳಗೆ ಮುಕ್ತಾಯಗೊಂಡ ನಂತರವೇ ಮಾರಿ, ಅದರ ತುದಿಯ ಮೇಲೆ ಸ್ಟಾಪ್‌ಲಾಸ್ ಇಟ್ಟು, ವಿವ್ಯಾಪ್ ಬಳಿ ಮರಳಿ ಕೊಂಡು ಹೊರಬಂದೆ. ಮರುದಿನ ಅಂಥ ಕ್ಯಾಂಡಲ್ ಬರಲೇ ಇಲ್ಲ. ಬೆಲೆ ಏರುತ್ತಲೇ ಹೋಯಿತು, ನಾನು ಸುಮ್ಮನೆ ಕುಳಿತಿದ್ದೆ.

ತಿಂಗಳ ಲೆಕ್ಕ ಇನ್ನೂ ಅಲ್ಪ ನಷ್ಟದಲ್ಲಿಯೇ ಇದೆ. ಆದರೆ ವಹಿವಾಟುಗಳ ಸಂಖ್ಯೆ ಅರ್ಧಕ್ಕಿಳಿದಿರುವುದರಿಂದ ಬ್ರೋಕರೇಜ್ ಮತ್ತು ಎಸ್‌ಟಿಟಿಯ (ಷೇರು ವಹಿವಾಟಿನ ತೆರಿಗೆ) ಹೊರೆ ಕಣ್ಣಿಗೆ ಕಾಣುವಷ್ಟು ತಗ್ಗಿದೆ.