ಸ್ಟಕೋಗೆ ‘ಗಚ್ಚು’ ಸಿಕ್ಕಿತು, ‘ಕೆತ್ತನೆ’ಯ ಬದಲು ಏನು?

ಎಲ್ಲರಿಗೂ ನಮಸ್ಕಾರ.

ಬೇರೆ ಬೇರೆ ನಾಡುಗಳ ಕಟ್ಟಡಕಲೆಯ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಟಕೋ’ ಎಂಬ ಪದ ಅದರಲ್ಲಿ ಪುಟಪುಟಕ್ಕೂ ಬರುತ್ತದೆ; ಗೋಡೆ, ಗೋಪುರಗಳ ಮೇಲೆ ಗೊಂಬೆ, ಬಳ್ಳಿ, ಹೂವು ಮೂಡಿಸಲು ಬಳಸುವ ಸುಣ್ಣದ ಅಥವಾ ಜಿಪ್ಸಂನ ಮಿಶ್ರಣ ಅದು. ಮೊದಲು ‘ಗಾರೆ’ ಎಂದು ಬರೆದೆ. ಓದಿದ ಮೈಸೂರಿನ ಗೆಳತಿ ಇದು ನೆಲದ ವಿಷಯ ಅಂದುಕೊಂಡಳು; ಅವರ ಕಡೆ ಗಾರೆ ನೆಲವೇ ಮೊದಲು ನೆನಪಾಗುವುದು. ನಮ್ಮ ಧಾರವಾಡದಲ್ಲಿ ಗಾರಾ ಅಂದರೆ ಗೋಡೆ ಕಟ್ಟಲು ಕಲಸಿದ ಕೆಸರು. ಗೊಂಬೆ, ಬಳ್ಳಿ, ಹೂವು ಇಬ್ಬರ ಕಣ್ಣಮುಂದೆಯೂ ಬರಲಿಲ್ಲ.

ಆಮೇಲೆ ‘ಸುಧೆ’ ಎಂದು ಯೋಚಿಸಿದೆ. ತಮಿಳರು ಇಂದಿಗೂ ‘ಸುದೈ’ ಎನ್ನುತ್ತಾರೆ. ಸಂಸ್ಕೃತದಲ್ಲಿ ಸುಧಾ ಅಂದರೆ ಅಮೃತವೂ ಹೌದು, ಸುಣ್ಣವೂ ಹೌದು. ಸುಧೆ ಬಳಿದದ್ದು ‘ಸೌಧ’. ವಿಧಾನಸೌಧ ಕಲ್ಲಿನದಾದರೂ ಹೆಸರಿನೊಳಗೆ ಸುಣ್ಣ ಕೂತಿದೆ. ಚೆಂದದ ಪದವೇ, ಆದರೆ ಕೆಲಸ ಮಾಡುವವರ ಬಾಯಲ್ಲಿ ಇಲ್ಲ.

ಅವರ ಬಾಯಲ್ಲಿರುವ ಪದ ನಮ್ಮ ಓಣಿಯಲ್ಲೇ ಸಿಕ್ಕಿತು. ಹಳೆಯ ಮನೆಯೊಂದರ ರಿಪೇರಿ ನಡೆದಿತ್ತು. ತಲೆಬಾಗಿಲ ಮೇಲೆ ಎರಡು ಸಿಂಹಗಳು; ಒಂದರ ಮುಂಗಾಲು ಕಳಚಿ ಬಿದ್ದಿತ್ತು. ಎತ್ತಿಕೊಂಡು ನೋಡಿದೆ. ನಡುವೆ ಇಟ್ಟಿಗೆ ಚೂರು, ಸುತ್ತ ಮರಳು ಕಾಣುವ ಒರಟು ಪದರ, ಅದರ ಮೇಲೆ ಉಗುರಿನಷ್ಟು ತೆಳ್ಳಗಿನ ಬಿಳಿ ಪದರ, ಮುಟ್ಟಿದರೆ ಬೆಣ್ಣೆ ಸವರಿದಂತೆ ನುಣುಪು. ಹಿಂದೆ ಯಾರೋ ಸಿಮೆಂಟಿನ ತೇಪೆ ಹಾಕಿದ್ದರು. ಸಿಮೆಂಟು ಹಾಗೇ ಗಟ್ಟಿಯಾಗಿ ನಿಂತಿದೆ. ಒಳಗಿನ ತೇವ ಹೊರಬರಲು ದಾರಿ ಸಿಗದೆ ಹಿಂದಿನ ಸುಣ್ಣವೆಲ್ಲ ಹಿಟ್ಟಾಗಿದೆ. ನೋಡಿ ಸಂಕಟವಾಯಿತು. ಅಲ್ಲಿದ್ದ ಹಿರಿಯ ಗೌಂಡಿ ಹೇಳಿದರು: “ಇದು ಕಲ್ಲಲ್ಲರೀ ಅಕ್ಕಾರ, ಗಚ್ಚಿನ ಗೊಂಬಿ. ಮೊದಲ ಮೆತ್ತ್ಯಾರ, ಆಮ್ಯಾಲೆ ತಿದ್ದ್ಯಾರ.” ಅವರ ಅಜ್ಜ ಎತ್ತು ಕಟ್ಟಿ ಗಾಣದಲ್ಲಿ ಗಚ್ಚು ಅರೆಯುತ್ತಿದ್ದರಂತೆ, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ.

ಹಾಗಾಗಿ ಹೆಸರಿಗೆ ‘ಗಚ್ಚು’ ಎಂದೇ ನಿರ್ಧರಿಸಿದ್ದೇನೆ. ತೊಡಕು ಇರುವುದು ಕ್ರಿಯಾಪದದಲ್ಲಿ: ಗಚ್ಚನ್ನು ‘ಕೆತ್ತುತ್ತಾರೆ’ ಎನ್ನಬಹುದೇ?

ಗಚ್ಚು ಪಾರ್ಸಿಯ ‘ಗಚ್’ನಿಂದ ಬಂದದ್ದು. ಅಲ್ಲಿ ಗಚ್ ಅಂದರೆ ಜಿಪ್ಸಂ. ಸುಮಾರು 150 ಡಿಗ್ರಿ ಸೆಲ್ಸಿಯಸ್ ಕಾವಿಗೆ ಬೆಂದು, ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ವಸ್ತು. ಗಟ್ಟಿಯಾದ ಮೇಲೆ ಚಾಕುವಿನಿಂದ ಕೊರೆಯಬಹುದು. ಇರಾನಿನಲ್ಲಿ ಆ ಕಲೆಗೆ ‘ಗಚ್‌ಬೊರಿ’ ಎನ್ನುತ್ತಾರೆ. ‘ಬೊರಿ’ ಅಂದರೆ ಕತ್ತರಿಸುವುದು. ನಮ್ಮ ಗಚ್ಚು ಸುಣ್ಣದ್ದು. ಸುಣ್ಣದ ಕಲ್ಲು ಬೇಯಲು ಸುಮಾರು 900 ಡಿಗ್ರಿ ಬೇಕು. ಗಟ್ಟಿಯಾಗುವುದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ನಿಧಾನಕ್ಕೆ. ಜಿಪ್ಸಂ ಮಳೆಗೆ ಕರಗುತ್ತದೆ, ಇದು ತಡೆಯುತ್ತದೆ. ಹೀಗೆ ಪದ ನಮ್ಮಲ್ಲಿಗೆ ಬಂದಿತು, ವಸ್ತು ಬದಲಾಯಿತು, ಕತ್ತರಿಸುವ ಕೆಲಸ ಹೋಗಿ ಮೆತ್ತುವ ಕೆಲಸವಾಯಿತು.

ಆದರೂ ಹಂಪಿಯ ವಿರೂಪಾಕ್ಷ ಗೋಪುರದ ಬಗ್ಗೆ ಬರೆಯುವವರು ‘ಗೋಪುರದ ಮೇಲೆ ಕೆತ್ತಿದ ಶಿಲ್ಪಗಳು’ ಎಂದೇ ಬರೆಯುತ್ತಾರೆ. ಅಲ್ಲಿ ಕೆಳಗೆ ಕಲ್ಲು, ಮೇಲೆ ಇಟ್ಟಿಗೆ. ಇಟ್ಟಿಗೆಯ ಮೇಲೆ ಗಚ್ಚಿನ ಮೂರ್ತಿಗಳು. ಕೆತ್ತುವುದು ಅಂದರೆ ಬೇಡದ್ದನ್ನು ತೆಗೆಯುವುದು. ಲಕ್ಕುಂಡಿಯಲ್ಲಿ ಬಳಪದ ಕಲ್ಲನ್ನು ಕೆತ್ತಿದ್ದಾರೆ, ಅಲ್ಲಿ ಆ ಮಾತು ಸರಿ. ಗಚ್ಚಿನಲ್ಲಿ ಬೇಕಾದ್ದನ್ನು ಸೇರಿಸುತ್ತ ಹೋಗುತ್ತಾರೆ. ಎರಡಕ್ಕೂ ಒಂದೇ ಪದ ಹಾಕಿದರೆ ಗಚ್ಚಿನವರ ಕೈಚಳಕವೇ ಮರೆಯಾಗುತ್ತದೆ.

ನನ್ನ ಲೇಖನದಲ್ಲಂತೂ ಇದನ್ನು ಬಿಡಿಸಿ ಹೇಳದೆ ವಿಧಿಯಿಲ್ಲ. ತಕ್ಷಶಿಲೆಯ, ನಾಲಂದದ ಗಚ್ಚಿನ ಬುದ್ಧರು ಮೆತ್ತಿ ಮಾಡಿದವರು. ಮೆಕ್ಸಿಕೋದ ಪಲೆಂಕೆಯಲ್ಲಿ 1952ರಲ್ಲಿ ಮಾಯಾ ಜನರ ರಾಜ ಪಕಾಲ್‌ನ ಸಮಾಧಿ ತೆರೆದಾಗ ಸಿಕ್ಕ ಎರಡು ತಲೆಗಳೂ ಹಾಗೆಯೇ. ಇಟಲಿಯ ಪಲೆರ್ಮೊದ ಸೆರ್ಪೊಟ್ಟಾ ಎಂಬ ಶಿಲ್ಪಿ, ಮರ ಮತ್ತು ತಂತಿಯ ಹಂದರದ ಮೇಲೆ ಮೆತ್ತಿ, ಕೊನೆಗೆ ಅಮೃತಶಿಲೆಯ ಪುಡಿ ಬೆರೆಸಿದ ಪದರ ಕೊಟ್ಟು ಹೊಳಪು ತರುತ್ತಿದ್ದ. ಸ್ಪೇನಿನ ಅಲ್‌ಹಂಬ್ರಾ ಅರಮನೆಯಲ್ಲಿ ಮಾತ್ರ ಜಿಪ್ಸಂ. ಅದನ್ನು ಕೊರೆದದ್ದೂ ಉಂಟು, ಅಚ್ಚಿನಲ್ಲಿ ತೆಗೆದದ್ದೂ ಉಂಟು.

ಈಗ ನನ್ನ ಪ್ರಶ್ನೆ. ಕೆತ್ತು ಎಂಬುದರಿಂದ ‘ಕೆತ್ತನೆ’ ಆಗುತ್ತದೆ. ಮೆತ್ತು ಎಂಬುದರಿಂದ ‘ಮೆತ್ತನೆ’ ಮಾಡುವಂತಿಲ್ಲ, ಅದು ಮೃದು ಎಂಬರ್ಥದಲ್ಲಿ ಬೇರೂರಿದೆ. ‘ಮೆತ್ತುಗೆ’ ಅನ್ನಬಹುದೇ? ‘ಹಂಪಿಯ ಗಚ್ಚಿನ ಮೆತ್ತುಗೆ’ ಎಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ತಿದ್ದು’ ಎಂಬುದರಲ್ಲಿ ಬೆರಳಿನ ನಯವಿದೆ, ಗಣಪತಿ ಮಾಡುವವರೂ ಅದನ್ನೇ ಬಳಸುತ್ತಾರೆ. ಆದರೆ ‘ತಿದ್ದುಪಡಿ’ ಕಾನೂನಿನ ಪಾಲಾಗಿದೆ.

ಗದಗ, ಹಾವೇರಿ ಕಡೆಯವರು ದಯವಿಟ್ಟು ನಿಮ್ಮೂರಿನ ಹಿರಿಯ ಗೌಂಡಿಗಳನ್ನು, ಗಣಪತಿ ಮಾಡುವವರನ್ನು ಕೇಳಿ ಬರೆಯಿರಿ. ಅವರು ಹೇಳಿದ ಹಾಗೆಯೇ, ಆಡುಮಾತಿನಲ್ಲೇ ಬರೆದರೆ ಇನ್ನೂ ಒಳ್ಳೆಯದು.